ಹಿಡಿದೂ ಬಿಡುವ ಮಣಿಗಳು

ವಿದ್ಯುತ್ ಸಬ್‌ಸ್ಟೇಷನ್ನಿನ ತಂತಿಬೇಲಿಯ ಆಚೆ ನಿಂತಿರುವ ದೊಡ್ಡ ಟ್ರಾನ್ಸ್‌ಫಾರ್ಮರನ್ನು ನೀವು ನೋಡಿರುತ್ತೀರಿ. ಹಳ್ಳಿಯಲ್ಲಿ ನಾವು ಟಿ.ಸಿ. ಅನ್ನುತ್ತೇವಲ್ಲ, ಅದೇ ಜಾತಿಯದು, ಗಾತ್ರ ಮಾತ್ರ ದೊಡ್ಡದು. ಅದರ ನೆತ್ತಿಯ ಮೇಲೆ ಅಡ್ಡಡ್ಡ ಮಲಗಿಸಿದ ಒಂದು ಪೀಪಾಯಿ ಇರುತ್ತದೆ. ಪೀಪಾಯಿಯಿಂದ ಸಣ್ಣದೊಂದು ಕೊಳವೆ ಇಳಿದು ಬರುತ್ತದೆ. ಕೊಳವೆಯ ತುದಿಯಲ್ಲಿ ಒಂದು ಪಾರದರ್ಶಕ ಭರಣಿ. ಭರಣಿಯ ತುಂಬ ನೀಲಿ ಮಣಿಗಳು. ಲೈನ್‌ಮನ್‌ಗಳು ಅದನ್ನು ಬ್ರೀದರ್ ಎನ್ನುತ್ತಾರೆ. ಆ ನೀಲಿ ಮಣಿಗಳೇ ಸಿಲಿಕಾ ಜೆಲ್. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಸಿಕ್ಕಿ, ನಾವು ಓದದೆ ಎಸೆಯುವ ಪೊಟ್ಟಣದೊಳಗಿನ ವಸ್ತುವೂ ಇದೇ. ಆದರೆ ಪೊಟ್ಟಣದಲ್ಲಿ ಅದು ಏನು ಮಾಡುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಟ್ರಾನ್ಸ್‌ಫಾರ್ಮರಿನಲ್ಲಿ ಕಾಣುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಟ್ರಾನ್ಸ್‌ಫಾರ್ಮರಿನ ಒಡಲಲ್ಲಿ ತಾಮ್ರದ ಸುರುಳಿಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆಗೆ ಅಲ್ಲಿ ಎರಡು ಕೆಲಸ. ಒಂದು, ಶಾಖವನ್ನು ಹೊರಗೆ ಸಾಗಿಸುವುದು. ಎರಡು, ವಿದ್ಯುತ್ತು ಅಡ್ಡದಾರಿ ಹಿಡಿಯದಂತೆ ತಡೆಯುವುದು. ಸಂಜೆ ಊರಿಗೆಲ್ಲ ದೀಪ ಹತ್ತಿ ಲೋಡು ಏರಿದಾಗ ಎಣ್ಣೆ ಬಿಸಿಯಾಗಿ ಉಬ್ಬುತ್ತದೆ, ನಡುರಾತ್ರಿ ಕಳೆದು ಲೋಡು ಇಳಿದಾಗ ತಣಿದು ಕುಗ್ಗುತ್ತದೆ. ಉಬ್ಬಿದಾಗ ಪೀಪಾಯಿಯ ಗಾಳಿ ಹೊರಕ್ಕೆ, ಕುಗ್ಗಿದಾಗ ಹೊರಗಿನ ಗಾಳಿ ಒಳಕ್ಕೆ. ಅಂದರೆ ಟ್ರಾನ್ಸ್‌ಫಾರ್ಮರು ದಿನವೂ ಉಸಿರಾಡುತ್ತದೆ. ಆಗುಂಬೆಯ ಕಡೆ ಜುಲೈ ತಿಂಗಳ ಗಾಳಿಯನ್ನು ಅದು ಹಾಗೆಯೇ ಒಳಗೆಳೆದುಕೊಂಡರೆ ಏನಾದೀತು? ಎಣ್ಣೆಗೆ ನೀರು ಸೇರುತ್ತದೆ. ತುಸುವೇ ನೀರು ಸಾಕು, ಎಣ್ಣೆಯ ತಡೆಯುವ ಶಕ್ತಿ ಕುಸಿಯುತ್ತದೆ. ಒಳ್ಳೆಯ ಎಣ್ಣೆಯನ್ನು ಪರೀಕ್ಷಿಸುವಾಗ ಎರಡೂವರೆ ಮಿಲಿಮೀಟರ್ ಅಂತರದ ಎರಡು ಲೋಹದ ಗುಂಡುಗಳ ನಡುವೆ ಅದನ್ನು ತುಂಬಿ ವೋಲ್ಟೇಜು ಏರಿಸುತ್ತ ಹೋಗುತ್ತಾರೆ. ಹತ್ತಾರು ಸಾವಿರ ವೋಲ್ಟಿನವರೆಗೂ ಅದು ಕಿಡಿ ಹಾರಗೊಡಬಾರದು. ನೀರುಂಡ ಎಣ್ಣೆ ಅಷ್ಟು ತಾಳುವುದಿಲ್ಲ.

ಅದಕ್ಕೇ ಬ್ರೀದರು. ಗಾಳಿ ಮೊದಲು ತಳದ ಎಣ್ಣೆಬಟ್ಟಲಿನಲ್ಲಿ ಗುಳುಗುಳಿಸಿ ದೂಳು ಕಳೆದುಕೊಳ್ಳುತ್ತದೆ, ಆಮೇಲೆ ಮಣಿಗಳ ಸಂದಿಯಲ್ಲಿ ಮೇಲೇರುತ್ತ ತೇವ ಕಳೆದುಕೊಳ್ಳುತ್ತದೆ. ತೇವ ಹೀರಿದ ಮಣಿ ನೀಲಿಯಿಂದ ನಸುಗೆಂಪಿಗೆ ತಿರುಗುತ್ತದೆ. ಗಾಳಿ ಕೆಳಗಿನಿಂದ ಬರುವುದರಿಂದ ನಸುಗೆಂಪು ತಳದಿಂದ ಮೇಲಕ್ಕೆ ಏರಬೇಕು. ಅನುಭವಸ್ಥ ಮೆಕ್ಯಾನಿಕ್ ಒಬ್ಬರು ಭರಣಿಯನ್ನು ನೋಡಿದರೆ ಎಷ್ಟು ಮಣಿ ಬಣ್ಣಗೆಟ್ಟಿದೆ ಎಂದಷ್ಟೇ ನೋಡುವುದಿಲ್ಲ, ಎಲ್ಲಿ ಕೆಟ್ಟಿದೆ ಎಂದೂ ನೋಡುತ್ತಾರೆ. ತಳದಲ್ಲಿ ಇನ್ನೂ ನೀಲಿ ಇದ್ದು ಮೇಲಿನ ಸಾಲು ಮೊದಲು ಕೆಂಪಾಗಿದ್ದರೆ, ಗಾಳಿ ಬ್ರೀದರಿನ ದಾರಿ ಬಿಟ್ಟು ಬೇರೆಲ್ಲೋ ನುಗ್ಗುತ್ತಿದೆ, ಗ್ಯಾಸ್ಕೆಟ್ ಸಡಿಲಾಗಿದೆ ಎಂದು ಅರ್ಥ. ಮಣಿಗಳು ಕಾವಲುಗಾರನ ಕೆಲಸದ ಜೊತೆಗೆ ಚಾಡಿಯನ್ನೂ ಹೇಳುತ್ತವೆ.

ಇಷ್ಟು ಹೀರುವ ಶಕ್ತಿ ಎಲ್ಲಿಂದ ಬಂತು? ರಾಸಾಯನಿಕವಾಗಿ ನೋಡಿದರೆ ಇದು ಮರಳಿನ ತಮ್ಮ. ಮರಳೂ ಸಿಲಿಕಾನ್ ಡೈಆಕ್ಸೈಡ್, ಇದೂ ಅದೇ. ಆದರೆ ಹೊಳೆಯ ಮರಳಿನ ಕಣದೊಳಗೆ ಪರಮಾಣುಗಳು ಶಿಸ್ತಾಗಿ ಜೋಡಿಸಿಕೊಂಡು ಗಟ್ಟಿ ಕುಳಿತಿವೆ. ಸಿಲಿಕಾ ಜೆಲ್ಲಿನಲ್ಲಿ ಆ ಶಿಸ್ತಿಲ್ಲ. ಒಳಗೆಲ್ಲ ಸುರಂಗ, ಕವಲು, ಮತ್ತೆ ಸುರಂಗ. ಒಣಗಿಸಲು ಬಳಸುವ ಜಾತಿಯಲ್ಲಿ ಈ ರಂಧ್ರಗಳ ಅಗಲ ಎರಡು ಮೂರು ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಎರಡು ಮೂರು ಪಾಲು. ಈ ಸುರಂಗಗಳ ಗೋಡೆಯನ್ನೆಲ್ಲ ಬಿಚ್ಚಿ ಹಾಸಲು ಸಾಧ್ಯವಾದರೆ ಒಂದು ಗ್ರಾಂ ಮಣಿಗೆ ಏಳುನೂರು, ಎಂಟುನೂರು ಚದರ ಮೀಟರ್ ಬರುತ್ತದೆ. ನಮ್ಮ ಲೆಕ್ಕದಲ್ಲಿ ಏಳೆಂಟು ಗುಂಟೆ. ಐದು ಗ್ರಾಮಿನ ಪೊಟ್ಟಣವೊಂದರಲ್ಲಿ ಹತ್ತಿರ ಹತ್ತಿರ ಒಂದು ಎಕರೆ ಜಮೀನಿದೆ ಎಂದಾಯಿತು.

ಆ ಗೋಡೆಯ ಉದ್ದಕ್ಕೂ ಆಮ್ಲಜನಕ ಮತ್ತು ಜಲಜನಕದ ಸಣ್ಣ ಸಣ್ಣ ಜೋಡಿಗಳು ಚಾಚಿಕೊಂಡಿರುತ್ತವೆ. ನೀರಿನ ಅಣುವಿಗೆ ಅವುಗಳ ಮೇಲೆ ಒಲವು, ಹೋಗಿ ಅಂಟುತ್ತದೆ. ಗಾಳಿ ಬಹಳ ತೇವವಾಗಿದ್ದರೆ ಒಣ ಮಣಿ ತನ್ನ ತೂಕದ ನೂರಕ್ಕೆ ಮೂವತ್ತೈದು, ನಲವತ್ತರಷ್ಟು ನೀರನ್ನು ಒಳಗಿಟ್ಟುಕೊಂಡೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಆದರೆ ನೀರನ್ನು ಅದು ರಾಸಾಯನಿಕವಾಗಿ ಬದಲಿಸುವುದಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಬೇರೆಯೇ ವಸ್ತುವಾಗಿಬಿಡುತ್ತದೆ. ನೂರೈವತ್ತು, ಇನ್ನೂರು ಡಿಗ್ರಿ ಕಾಯಿಸಿದರೂ ಮರಳಿ ಮೊದಲಿನಂತಾಗುವುದಿಲ್ಲ. ಸಿಲಿಕಾ ಜೆಲ್ಲನ್ನು ನೂರಿಪ್ಪತ್ತು ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಸಾಕು, ಹಿಡಿದ ನೀರನ್ನೆಲ್ಲ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಸಿದ್ಧ. ಇವತ್ತು ನಾನು ಹೇಳಬೇಕೆಂದಿರುವ ವಿಷಯವೇ ಇದು. ಹೀರುವ ವಸ್ತುಗಳು ಲೋಕದಲ್ಲಿ ಬೇಕಾದಷ್ಟಿವೆ. ಸಿಲಿಕಾ ಜೆಲ್ಲಿನ ಬೆಲೆ ಇರುವುದು ಅದರ ಹಿಡಿತದ ಹದದಲ್ಲಿ: ಹಿಡಿಯುವಷ್ಟು ಬಿಗಿ, ಬಿಡುವಷ್ಟು ಸಡಿಲ.

ಇದನ್ನು ಮಾಡುವ ಬಗೆಯೂ ಸ್ವಾರಸ್ಯವಾಗಿದೆ. ಮರಳನ್ನೂ ಸೋಡಾ ಬೂದಿಯನ್ನೂ ಕುಲುಮೆಯಲ್ಲಿ ಕರಗಿಸಿದರೆ ಸೋಡಿಯಂ ಸಿಲಿಕೇಟ್ ಸಿಗುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ ಗಂಧಕಾಮ್ಲ ಬೆರೆಸುತ್ತಾರೆ. ದ್ರವ ಮೊದಲು ಮಂಜಾಗಿ, ಸ್ವಲ್ಪ ಹೊತ್ತಿನಲ್ಲಿ ನಡುಗುವ ಲೋಳೆಯಂತೆ ಹೆಪ್ಪುಗಟ್ಟುತ್ತದೆ. ಅದನ್ನು ಒಡೆದು, ಉಪ್ಪು ಹೋಗುವವರೆಗೆ ತೊಳೆದು, ಒಣಗಿಸಬೇಕು. ನಿಜವಾದ ಕೈಚಳಕ ಇರುವುದು ಆ ತೊಳೆಯುವುದರಲ್ಲಿ. ಆಮ್ಲದ ಗುಣವಿರುವ ನೀರಿನಲ್ಲಿ ತೊಳೆದರೆ ಒಣಗುವಾಗ ಲೋಳೆ ಬಿಗಿಯಾಗಿ ಕುಗ್ಗಿ ಸಣ್ಣ ರಂಧ್ರಗಳು ಉಳಿಯುತ್ತವೆ; ಕ್ಷಾರದ ಗುಣವಿರುವ ಬಿಸಿನೀರಿನಲ್ಲಿ ತೊಳೆದರೆ ದೊಡ್ಡ ರಂಧ್ರಗಳು. ಯಾವ ಕೆಲಸಕ್ಕೆ ಬೇಕೋ ಅದಕ್ಕೆ ತಕ್ಕ ರಂಧ್ರ. ಮರಳಿನಿಂದಲೇ ಆಗಬೇಕೆಂದೂ ಇಲ್ಲ. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾವೇ. ಆ ಬೂದಿಯಿಂದ ಸಿಲಿಕಾ ತೆಗೆಯುವ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದಾರೆ. ಅಕ್ಕಿ ಗಿರಣಿಯ ಹಿಂದೆ ಬೂದಿಯ ಗುಡ್ಡ ಬೆಳೆದು ಗಾಳಿಗೆ ಹಾರಾಡುವ ಊರಿನವರಿಗೆ ಇದು ಸಣ್ಣ ಸುದ್ದಿಯಲ್ಲ.

ಈ ಲೋಳೆ ಹಳೆಯ ಕಾಲದಿಂದಲೂ ರಸಾಯನಜ್ಞರಿಗೆ ಗೊತ್ತಿತ್ತು, ಆದರೆ ಆಟದ ಸಾಮಾನಿನಂತೆ ಬಿದ್ದಿತ್ತು. ಅದಕ್ಕೆ ಉದ್ಯೋಗ ಕೊಡಿಸಿದ್ದು ಯುದ್ಧ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ದಾಳಿ ಶುರುವಾದಾಗ ಸೈನಿಕರ ಮುಖವಾಡದ ಡಬ್ಬಿಯೊಳಗೆ ಅನಿಲವನ್ನು ಹಿಡಿದುಕೊಳ್ಳುವ ವಸ್ತು ಬೇಕಾಯಿತು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ ಸಿಲಿಕಾ ಜೆಲ್ಲನ್ನು ಕಾರ್ಖಾನೆಯ ಪ್ರಮಾಣದಲ್ಲಿ ಮಾಡುವ ದಾರಿ ಕಂಡುಹಿಡಿದು 1919ರಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ಪೆನಿಸಿಲಿನ್ ಔಷಧಿಯನ್ನು ಒಣಗಿದ್ದಂತೆ ಕಾಯುತ್ತಿತ್ತು, ಹಡಗಿನಲ್ಲಿ ಸಾಗುವ ಯಂತ್ರಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತಿತ್ತು, ವಿಮಾನದ ಪೆಟ್ರೋಲ್ ತಯಾರಿಸುವ ಕಡೆಯೂ ಕೈ ಹಾಕಿತ್ತು.

ನೀಲಿ ಬಣ್ಣದ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಸಿಲಿಕಾ ಜೆಲ್ಲಿಗೆ ತನ್ನದೇ ಬಣ್ಣವಿಲ್ಲ. ನೀಲಿ ಬರುವುದು ಅದಕ್ಕೆ ಉಣಿಸಿದ ಕೋಬಾಲ್ಟ್ ಕ್ಲೋರೈಡಿನಿಂದ. ಈ ಲವಣ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂಬ ಕಾರಣಕ್ಕೆ ಯುರೋಪಿನಲ್ಲಿ ಅದನ್ನು ಅಪಾಯಕಾರಿ ಪಟ್ಟಿಗೆ ಸೇರಿಸಿದ್ದಾರೆ. ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ ಮಣಿಗಳು ಈಗ ಬಳಕೆಗೆ ಬಂದಿವೆ. ಪೊಟ್ಟಣದಲ್ಲಿ ಇರುವುದು ಸಾಮಾನ್ಯವಾಗಿ ಬಣ್ಣವಿಲ್ಲದ ಮಣಿ, ಅದು ವಿಷವಲ್ಲ. ಮಗು ಒಂದೆರಡು ನುಂಗಿತೆಂದು ಮನೆಯವರು ಎದೆಯೊಡೆದುಕೊಳ್ಳಬೇಕಾಗಿಲ್ಲ. ಆದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ನಿಜ, ತಿನ್ನಬೇಡಿ ಎಂದು ಬರೆದಿರುವುದು ಸುಮ್ಮನೆ ಅಲ್ಲ. ಬಣ್ಣದ ಮಣಿಯಾದರೆ ಡಾಕ್ಟರಿಗೆ ತೋರಿಸುವುದೇ ಸರಿ. ಸಿಲಿಕಾ ಎಂದೊಡನೆ ಕೋಲಾರದ ಚಿನ್ನದ ಗಣಿಯವರನ್ನು ಕಾಡಿದ ಸಿಲಿಕೋಸಿಸ್ ರೋಗ ನೆನಪಾಗುವವರಿಗೂ ಒಂದು ಸಮಾಧಾನ: ಆ ರೋಗ ತಂದದ್ದು ಬೆಣಚುಕಲ್ಲಿನಂಥ ಶಿಸ್ತಿನ ಸಿಲಿಕಾದ ಸಣ್ಣ ದೂಳು. ಇದು ಆ ಬಗೆಯದಲ್ಲ. ಹಾಗೆಂದು ಇದರ ಪುಡಿಯನ್ನೂ ಯಾರೂ ಮೂಗಿಗೆ ಎಳೆದುಕೊಳ್ಳಬೇಕಾಗಿಲ್ಲ. ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಇಲ್ಲದೆ ಸಿಲಿಕಾ ಸುರಿಯುವ ವಿದ್ಯಾರ್ಥಿಗಳನ್ನು ಗದರಿಸಿಯೇ ತಿದ್ದಬೇಕು.

ಪ್ರಯೋಗಾಲಯದ ಮಾತು ಬಂತು. ನನ್ನನ್ನು ಕೇಳಿದರೆ ಸಿಲಿಕಾ ಜೆಲ್ಲಿನ ದೊಡ್ಡ ಸಾಧನೆ ಒಣಗಿಸುವುದಲ್ಲ, ಬೇರ್ಪಡಿಸುವುದು. ಪೊಟ್ಟಣಗಳೆಲ್ಲ ನಾಳೆ ಮಾಯವಾದರೆ ಬೇರೆ ಏನಾದರೂ ಹುಡುಕಿಕೊಂಡೇವು. ಔಷಧಿ ಕಂಪನಿಗಳ, ವಿಶ್ವವಿದ್ಯಾಲಯಗಳ ಸಾವಯವ ರಸಾಯನ ವಿಭಾಗಗಳಿಂದ ಇದು ಮಾಯವಾದರೆ ಮರುದಿನವೇ ಕೆಲಸ ನಿಂತುಹೋಗುತ್ತದೆ.

ಒಂದು ಗಾಜಿನ ಕೊಳವೆ ತೆಗೆದುಕೊಳ್ಳಿ, ಕೆಳಗೆ ತಿರುಪು ಇರುವಂಥದು. ತಳಕ್ಕೆ ಚೂರು ಹತ್ತಿ. ಹಿಟ್ಟಿನಷ್ಟು ನುಣುಪಾದ ಸಿಲಿಕಾ ಜೆಲ್ಲನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ಕಲಸಿ, ತೆಳ್ಳಗಿನ ಅಂಬಲಿಯಾಗಿ, ಒಂದೇ ಧಾರೆಯಲ್ಲಿ ಕೊಳವೆಗೆ ಹುಯ್ಯಬೇಕು. ಹುಯ್ಯುತ್ತ ರಬ್ಬರ್ ಕೊಳವೆಯಿಂದ ಗಾಜನ್ನು ಮೆಲ್ಲಗೆ ತಟ್ಟುತ್ತಿರಬೇಕು, ಗಾಳಿಗುಳ್ಳೆ ಒಳಗೆ ಉಳಿಯಬಾರದು. ದ್ರವ ಬತ್ತಿ ನೆತ್ತಿ ಒಣಗಿದರೆ ಸಿಲಿಕಾ ಬಿರುಕು ಬಿಡುತ್ತದೆ, ಮಾಡಿದ್ದೆಲ್ಲ ನೀರುಪಾಲು. ಈಗ ಪಾಲಕ್ ಸೊಪ್ಪನ್ನು ಅರೆದು ತೆಗೆದ ಹಸಿರು ಸಾರವನ್ನು ನಾಲ್ಕು ಹನಿ ಮೇಲೆ ಬಿಟ್ಟು, ಹೆಕ್ಸೇನ್ ಇಳಿಸುತ್ತ ಬನ್ನಿ. ಸ್ವಲ್ಪ ಹೊತ್ತಿಗೆ ಹಸಿರಿನೊಳಗಿಂದ ಹಳದಿ ಪಟ್ಟಿಯೊಂದು ಬಿಡಿಸಿಕೊಂಡು ಸರಸರನೆ ಕೆಳಗಿಳಿಯುತ್ತದೆ. ಅದು ಕ್ಯಾರೊಟಿನ್, ಸಿಲಿಕಾದ ಮೇಲೆ ಅದಕ್ಕೆ ಮೋಹವಿಲ್ಲ. ಹಸಿರು ಅಲ್ಲೇ ಕುಳಿತಿದೆ. ಹೆಕ್ಸೇನಿಗೆ ಸ್ವಲ್ಪ ಈಥೈಲ್ ಅಸಿಟೇಟ್ ಬೆರೆಸಿ ಹಾಕಿದಾಗ ಹಸಿರೂ ಕದಲುತ್ತದೆ, ಕದಲುತ್ತ ತಾನೂ ಎರಡಾಗುತ್ತದೆ: ಮುಂದೆ ನೀಲಿ ಬೆರೆತ ಹಸಿರು, ಹಿಂದೆ ಹಳದಿ ಬೆರೆತ ಹಸಿರು. ನಾವು ಒಂದೇ ಎಂದುಕೊಂಡಿದ್ದ ಎಲೆಯ ಹಸಿರು ಎರಡು ವಸ್ತು ಎಂದು ಪುಸ್ತಕದಲ್ಲಿ ಓದುವುದೇ ಬೇರೆ, ಕಣ್ಣೆದುರಿಗೆ ಬೇರೆಯಾಗುವುದನ್ನು ನೋಡುವುದೇ ಬೇರೆ.

ಇಲ್ಲಿ ನಡೆದದ್ದೂ ಹಿಡಿತದ ಕೆಲಸವೇ. ಪ್ರತಿ ಅಣುವೂ ಸಿಲಿಕಾದ ಗೋಡೆಗೆ ಅಂಟುತ್ತದೆ, ಬಿಡುತ್ತದೆ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಅಂಟುತ್ತದೆ. ಹೆಚ್ಚು ಹೊತ್ತು ಅಂಟುವುದು ಹಿಂದುಳಿಯುತ್ತದೆ, ಅಷ್ಟೆ. ಸಿಲಿಕಾ ಬಿಡದೆ ಹಿಡಿದಿದ್ದರೆ ಕೊಳವೆಯಿಂದ ಏನೂ ಹೊರಬರುತ್ತಿರಲಿಲ್ಲ.

ಈ ವಿದ್ಯೆಗೆ ಒಂದು ದೊಡ್ಡ ತಿರುವು ಬಂದದ್ದು ಉಣ್ಣೆಯ ಕಾರಣಕ್ಕೆ. ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಸಂಶೋಧನಾಲಯದಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಎಂಬ ಇಬ್ಬರು ಉಣ್ಣೆಯ ಪ್ರೋಟೀನಿನಲ್ಲಿ ಯಾವ ಯಾವ ಅಮೈನೊ ಆಮ್ಲ ಎಷ್ಟಿದೆ ಎಂದು ಅಳೆಯಲು ಹೆಣಗುತ್ತಿದ್ದರು. ಎರಡು ದ್ರವಗಳನ್ನು ಎದುರುಬದುರು ಹರಿಸಿ ಬೇರ್ಪಡಿಸುವ ಯಂತ್ರ ಕಟ್ಟಿ ಸುಸ್ತಾಗಿದ್ದರು. ಎರಡೂ ಹರಿಯುವುದೇಕೆ, ಒಂದು ನಿಂತಿರಲಿ ಎಂದು ಹೊಳೆಯಿತು. ನೀರುಂಡೂ ಪುಡಿಯಾಗಿಯೇ ಇರುವ ಸಿಲಿಕಾ ಜೆಲ್ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ನೀರು ಜೆಲ್ಲಿನಲ್ಲಿ ನಿಂತಿತು, ಕ್ಲೋರೋಫಾರಂ ಅದರ ಮೂಲಕ ಹರಿಯಿತು, ಆಮ್ಲಗಳು ಪಟ್ಟಿ ಪಟ್ಟಿಯಾಗಿ ಬೇರೆಯಾದವು. 1941ರಲ್ಲಿ ಲೇಖನ ಅಚ್ಚಾಯಿತು, 1952ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಹರಿಯುವುದು ದ್ರವವೇ ಆಗಬೇಕೆಂದಿಲ್ಲ, ಅನಿಲವೂ ಆಗಬಹುದು ಎಂದು ಆ ಲೇಖನದಲ್ಲೇ ಬರೆದಿದ್ದರು. ಹತ್ತು ವರ್ಷ ಯಾರೂ ಆ ಸಾಲನ್ನು ಕೈಗೆತ್ತಿಕೊಳ್ಳಲಿಲ್ಲ. ಕೊನೆಗೆ ಮಾರ್ಟಿನ್ನರೇ ಇನ್ನೊಬ್ಬ ಜೊತೆಗಾರನೊಂದಿಗೆ ಮಾಡಿ ತೋರಿಸಬೇಕಾಯಿತು.

ಮುಂದೆ ಜರ್ಮನಿಯ ಈಗಾನ್ ಸ್ಟಾಲ್ 1950ರ ದಶಕದಲ್ಲಿ ಸಿಲಿಕಾಕ್ಕೆ ಜಿಪ್ಸಂ ಬೆರೆಸಿ ಗಾಜಿನ ಮೇಲೆ ತೆಳುವಾಗಿ ಸವರುವ ವಿಧಾನವನ್ನು ಬಳಕೆಗೆ ತಂದರು. ಟಿ.ಎಲ್.ಸಿ. ಪ್ಲೇಟು ಎಂದು ಇವತ್ತಿನ ಎಂ.ಎಸ್ಸಿ. ಹುಡುಗರ ಬಾಯಲ್ಲಿ ಓಡಾಡುವುದು ಅದೇ. ಮೆಣಸಿನ ಪುಡಿಗೆ ಸುಡಾನ್ ಎಂಬ ಕೈಗಾರಿಕಾ ಬಣ್ಣ ಬೆರೆಸಿದ್ದಾರೆಯೇ ಎಂದು ಮೊದಲ ಸುತ್ತಿನಲ್ಲಿ ನೋಡಲು ಇಂಥ ಒಂದು ಪ್ಲೇಟು ಸಾಕು. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಈ ಬಣ್ಣ ಸಿಕ್ಕಿ ಯುರೋಪಿನ ಬಾಗಿಲಲ್ಲಿ ತಪಾಸಣೆ ಬಿಗಿಯಾಯಿತು. ಮೆಣಸಿನಕಾಯಿಯದೇ ಕೆಂಪು ಒಂದು ಕಡೆ ನಿಲ್ಲುತ್ತದೆ, ಬೆರೆಸಿದ ಕೆಂಪು ಇನ್ನೊಂದು ಕಡೆ. ಬ್ಯಾಡಗಿಯ ಬಣ್ಣಕ್ಕೆ ಬೆಲೆ ಕೊಟ್ಟು ಕೊಳ್ಳುವವರು ಇಂಥ ಪರೀಕ್ಷೆಗೆ ಋಣಿಯಾಗಿರಬೇಕು. ಇನ್ನೂ ಸೂಕ್ಷ್ಮವಾಗಿ ಅಳೆಯುವ ಎಚ್.ಪಿ.ಎಲ್.ಸಿ. ಯಂತ್ರದ ಉಕ್ಕಿನ ಕೊಳವೆಯೊಳಗೂ ಹೆಚ್ಚಾಗಿ ಸಿಲಿಕಾವೇ, ಕಣದ ಗಾತ್ರ ಮಿಲಿಮೀಟರಿನ ಸಾವಿರದ ಮೂರರಿಂದ ಐದು ಪಾಲು. ನೀವು ನುಂಗುವ ಮಾತ್ರೆ ಅಂಗಡಿಗೆ ಬರುವ ಮೊದಲು ಅದರ ಮಾದರಿ ಇಂಥ ಕೊಳವೆಯನ್ನು ಹಾದು ಬಂದಿರುತ್ತದೆ.

ಕೋವಿಡ್ ಕಾಲದಲ್ಲಿ ಮೂಗಿನಿಂದ ತೆಗೆದ ಮಾದರಿಯ ಕಥೆಯೂ ಇದೇ. ಕೆಲವು ಲವಣಗಳು ದಟ್ಟವಾಗಿದ್ದಾಗ ಡಿ.ಎನ್.ಎ., ಆರ್.ಎನ್.ಎ. ಸಿಲಿಕಾಕ್ಕೆ ಅಂಟುತ್ತವೆ, ಲವಣ ತೊಳೆದು ಬರಿಯ ನೀರು ಹಾಕಿದರೆ ಬಿಟ್ಟು ಬರುತ್ತವೆ. ಇದನ್ನು 1990ರಲ್ಲಿ ನೆದರ್‌ಲೆಂಡ್ಸಿನ ಬೂಮ್ ಮತ್ತು ಅವರ ಸಂಗಡಿಗರು ಸುಲಭದ ವಿಧಾನವಾಗಿ ಪ್ರಕಟಿಸಿದ್ದರು. ಮೂವತ್ತು ವರ್ಷದ ಮೇಲೆ ವೈರಸ್ಸಿನ ಆರ್.ಎನ್.ಎ.ಯನ್ನು ಬೇರ್ಪಡಿಸಲು ಊರೂರಿನ ಲ್ಯಾಬುಗಳಲ್ಲಿ ಬಳಸಿದ ಎಷ್ಟೋ ಕಿಟ್‌ಗಳ ಒಳಗಿದ್ದದ್ದು ಆ ಉಪಾಯವೇ.

ಕಾರ್ಖಾನೆಯ ಕಡೆಗೆ ಬಂದರೆ ಪಟ್ಟಿ ಬಹಳ ಉದ್ದ. ಗಾಳಿಯಿಂದ ನಡೆಯುವ ಯಂತ್ರಗಳಿಗೆ ಒಣ ಗಾಳಿ, ಪೈಪಿನಲ್ಲಿ ಹೋಗುವ ಅನಿಲದಿಂದ ನೀರು ತೆಗೆಯುವುದು, ಬಣ್ಣದ ಹೊಳಪು ತಗ್ಗಿಸುವುದು. ಬಿಯರ್ ತಯಾರಿಸುವವರದು ಬೇರೆ ತಾಪತ್ರಯ. ಬಿಯರ್ ತಣ್ಣಗಾದಾಗ ಕೆಲವು ಪ್ರೋಟೀನುಗಳಿಂದ ಮಬ್ಬಾಗುತ್ತದೆ. ದೊಡ್ಡ ರಂಧ್ರದ ಸಿಲಿಕಾ ಜೆಲ್ ಹಾಕಿದರೆ ಮಬ್ಬು ತರುವ ಪ್ರೋಟೀನು ಅದರೊಳಗೆ ಸೇರಿಕೊಳ್ಳುತ್ತದೆ, ನೊರೆ ಕೊಡುವ ಪ್ರೋಟೀನು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆಮೇಲೆ ಸೋಸಿ ಸಿಲಿಕಾವನ್ನು ತೆಗೆದುಬಿಡುತ್ತಾರೆ.

ಇವೆಲ್ಲಕ್ಕಿಂತ ನನಗೆ ಕುತೂಹಲದ್ದು ಪ್ಲಾಸ್ಟಿಕ್ಕಿನ ಕಥೆ. 1951ರಲ್ಲಿ ಅಮೆರಿಕದ ಒಕ್ಲಹೋಮಾ ರಾಜ್ಯದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯಲ್ಲಿ ಪಾಲ್ ಹೋಗನ್, ರಾಬರ್ಟ್ ಬ್ಯಾಂಕ್ಸ್ ಎಂಬ ರಸಾಯನಜ್ಞರು ಪೆಟ್ರೋಲಿಗೆ ಬೆರೆಸುವ ದ್ರವ ಸಿಗಬಹುದೆಂದು ಪ್ರಯೋಗ ಮಾಡುತ್ತಿದ್ದರು. ಕೊಳವೆ ಕಟ್ಟಿಕೊಂಡಿತು. ನೋಡಿದರೆ ಒಳಗೆ ಬಿಳಿಯ ಗಟ್ಟಿ ವಸ್ತು. ಆ ದಾರಿಯಲ್ಲೇ ಮುಂದುವರಿದಾಗ ಎಚ್.ಡಿ.ಪಿ.ಇ. ಎಂಬ ಗಡಸು ಪಾಲಿಥೀನ್ ತಯಾರಿಸುವ ವಿಧಾನ ಸಿಕ್ಕಿತು. ಅಲ್ಲಿ ಕ್ರೋಮಿಯಮ್ಮನ್ನು ಸಿಲಿಕಾ ಜೆಲ್ಲಿನ ಸುರಂಗಗಳಲ್ಲಿ ಹರಡಿ ಕೂರಿಸುತ್ತಾರೆ. ಎಥಿಲೀನ್ ಅನಿಲ ಒಳಹೊಕ್ಕು ಕ್ರೋಮಿಯಂ ಇದ್ದಲ್ಲೆಲ್ಲ ಎಳೆಯಾಗಿ ಬೆಳೆಯುತ್ತದೆ. ಬೆಳೆದ ಎಳೆಗಳ ಒತ್ತಡಕ್ಕೆ ಸಿಲಿಕಾದ ಕಣ ಒಳಗಿನಿಂದ ಸಿಡಿದು ಚೂರುಚೂರಾಗುತ್ತದೆ. ಒಂದು ಗ್ರಾಂ ಕಣದಿಂದ ಸಾವಿರಾರು ಗ್ರಾಂ ಪ್ಲಾಸ್ಟಿಕ್ ಬರುವುದರಿಂದ ಆ ಚೂರುಗಳನ್ನು ಆರಿಸಿ ತೆಗೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಜಗತ್ತಿನ ಎಚ್.ಡಿ.ಪಿ.ಇ.ಯಲ್ಲಿ ದೊಡ್ಡ ಪಾಲು ಹೀಗೆ ತಯಾರಾದದ್ದು. ನೀರು ತುಂಬಿಸಿಟ್ಟ ನಿಮ್ಮ ಮನೆಯ ನೀಲಿ ಡ್ರಮ್ಮಿನ ಗೋಡೆಯಲ್ಲೂ ಕಣ್ಣಿಗೆ ಕಾಣದ ಸಿಲಿಕಾ ಇದ್ದರೆ ಆಶ್ಚರ್ಯವಿಲ್ಲ.

ಹಿಡಿದದ್ದನ್ನು ಬಿಡದ ಒಂದು ಪ್ರಸಂಗವೂ ಇದೆ. ಲೋಳೆಯನ್ನು ಸುಮ್ಮನೆ ಒಣಗಿಸಿದರೆ ಅದು ಕುಗ್ಗುತ್ತದೆ ಎಂದೆನಲ್ಲ, ಕುಗ್ಗದಂತೆ ದ್ರವವನ್ನು ಮಾತ್ರ ಹೊರತೆಗೆಯುವ ಉಪಾಯವನ್ನು 1931ರಲ್ಲಿ ಸ್ಯಾಮ್ಯುಯೆಲ್ ಕಿಸ್ಲರ್ ಪ್ರಕಟಿಸಿದರು. ಉಳಿದದ್ದು ಏರೋಜೆಲ್, ಹೆಚ್ಚುಕಡಿಮೆ ಪೂರ್ತಿ ಗಾಳಿಯೇ. ನಾಸಾದವರ ಸ್ಟಾರ್‌ಡಸ್ಟ್ ನೌಕೆ 2004ರ ಜನವರಿಯಲ್ಲಿ ವಿಲ್ಟ್ 2 ಎಂಬ ಧೂಮಕೇತುವಿನ ಪಕ್ಕ ಹಾದುಹೋದಾಗ ಏರೋಜೆಲ್ಲಿನ ಬಿಲ್ಲೆಗಳನ್ನು ಒಡ್ಡಿತ್ತು. ಸೆಕೆಂಡಿಗೆ ಆರು ಕಿಲೋಮೀಟರ್ ವೇಗದಲ್ಲಿ ನುಗ್ಗಿದ ದೂಳಿನ ಕಣಗಳು ಅದರಲ್ಲಿ ಗೆರೆ ಕೊರೆಯುತ್ತ ಹೋಗಿ ನಿಂತವು. 2006ರಲ್ಲಿ ಡಬ್ಬಿ ಭೂಮಿಗೆ ಬಂತು. ಇಲ್ಲಿ ಬಿಸಿ ಮಾಡಿ ಬಿಡಿಸುವಂತಿಲ್ಲ. ಪ್ರತಿ ಕಣವನ್ನೂ ಸುತ್ತಲಿನ ಏರೋಜೆಲ್ ಸಮೇತ ಸೂಜಿಯಂಥ ಉಪಕರಣಗಳಿಂದ ಕತ್ತರಿಸಿ ತೆಗೆಯಬೇಕಾಯಿತು.

ಮತ್ತೆ ನಮ್ಮ ಕಾಡಿಗೆ ಬರೋಣ. ಗಿಡಗಳ ಡಿ.ಎನ್.ಎ. ಅಧ್ಯಯನಕ್ಕೆ ಹಿಂದೆ ಎಲೆಗಳನ್ನು ದ್ರವ ಸಾರಜನಕದಲ್ಲಿ ತರಬೇಕಾಗಿತ್ತು. ಕುದುರೆಮುಖದ ಶೋಲಾ ಕಾಡಿಗೆ ಆ ಭಾರದ ಪಾತ್ರೆ ಹೊರುವವರು ಯಾರು? 1991ರಲ್ಲಿ ಚೇಸ್ ಮತ್ತು ಹಿಲ್ಸ್ ಎಂಬ ಸಸ್ಯವಿಜ್ಞಾನಿಗಳು, ಎಲೆಯ ಚೂರನ್ನು ಅದರ ಹತ್ತರಷ್ಟು ತೂಕದ ಸಿಲಿಕಾ ಜೆಲ್ಲಿನೊಂದಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಸಾಕು ಎಂದು ತೋರಿಸಿದರು. ಒಂದು ದಿನದೊಳಗೆ ಎಲೆ ಒಣಗುತ್ತದೆ, ಡಿ.ಎನ್.ಎ. ಕೊಳೆಯುವುದಕ್ಕೆ ಸಮಯವೇ ಸಿಗುವುದಿಲ್ಲ. ಇವತ್ತು ಪಶ್ಚಿಮ ಘಟ್ಟ ಸುತ್ತುವ ಸಸ್ಯಶಾಸ್ತ್ರದ ವಿದ್ಯಾರ್ಥಿಯ ಬೆನ್ನುಚೀಲದಲ್ಲಿ ಇಂಥ ಚೀಲಗಳು ಇದ್ದೇ ಇರುತ್ತವೆ.

ನೀವೂ ಇದನ್ನು ಬೀಜಕ್ಕೆ ಬಳಸಬಹುದು. ಬದನೆ, ಟೊಮೆಟೊ, ಮೆಣಸಿನ ಬೀಜವನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಬೀಜದಷ್ಟೇ ತೂಕದ ಒಣ ಸಿಲಿಕಾ ಜೆಲ್ಲಿನ ಜೊತೆ ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಒಂದು ವಾರ ಇಡಿ. ಮುಚ್ಚಳ ಬಿಗಿಯಾಗಿರುವುದು ಮುಖ್ಯ. ಬಾಯಿ ತೆರೆದಿಟ್ಟರೆ ಮಣಿಗಳು ಇಡೀ ಕೋಣೆಯ ತೇವ ಹೀರಿ ಸುಸ್ತಾಗುತ್ತವೆ. ಆಮೇಲೆ ಬೀಜವನ್ನು ತೆಗೆದು ಇನ್ನೊಂದು ಒಣ ಭರಣಿಗೆ ಹಾಕಿ, ತಂಪಾದ ಜಾಗದಲ್ಲಿಡಿ. ಮಣಿಗಳನ್ನು ಪೊಟ್ಟಣದಿಂದ ಬಿಡಿಸಿ, ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ ನೂರಿಪ್ಪತ್ತು ಡಿಗ್ರಿ ಮೀರದಂತೆ ಕಾಯಿಸಿ ಮತ್ತೆ ಬಳಸಿ. ಅದಕ್ಕಿಂತ ಹೆಚ್ಚು ಕಾಯಿಸಿದರೆ ನೀಲಿ ಮಣಿಯ ಬಣ್ಣ ಕೆಡುತ್ತದೆ. ಅಡುಗೆಮನೆಯಲ್ಲಾದರೆ ಬಿಳಿ ಮಣಿಯೇ ಒಳ್ಳೆಯದು. ಆದರೆ ಹಲಸಿನ ಬೀಜಕ್ಕೂ ಮಾವಿನ ಓಟೆಗೂ ಈ ಉಪಚಾರ ಬೇಡ. ಅವು ಒಣಗಿದರೆ ಸತ್ತೇಹೋಗುತ್ತವೆ, ಹಸಿಯಾಗಿರುವಾಗಲೇ ಮಣ್ಣು ಸೇರಬೇಕು.